ಆನಂದಪುರದ ಅಕ್ಷರ

ಕಳೆದ ತಿಂಗಳ ಎರಡನೇ ಭಾನುವಾರ ಆರಾಧನೆ ಮುಗಿದ ಮೇಲೂ ನಮ್ಮ ಸಭೆಯವರು ಯಾರೂ ಎದ್ದು ಹೋಗಲಿಲ್ಲ. ಇದು ಅಪರೂಪ. ಭಾನುವಾರದ ಮೆಗಾಬ್ಲಾಕಿನ ಭಯದಿಂದ ಕೊನೆಯ ಆಶೀರ್ವಾದದ ಹೊತ್ತಿಗೇ ಅರ್ಧ ಜನರ ಕಣ್ಣು ಗಡಿಯಾರದ ಮೇಲಿರುತ್ತದೆ. ಅಂದು ಮಾತ್ರ ವಿರಾರಿನಿಂದ ಬಂದವರೂ ಕೂತೇ ಇದ್ದರು. ಚರ್ಚೆಗಿದ್ದ ವಿಷಯ ಒಂದೇ: ಮುಂದಿನ ವರ್ಷದಿಂದ ತಿಂಗಳಿಗೆ ಮೂರು ಆರಾಧನೆ ಇಂಗ್ಲಿಷಿನಲ್ಲಿ, ಒಂದು ಮಾತ್ರ ಕನ್ನಡದಲ್ಲಿ ನಡೆಸಬಹುದೇ?

ನಮ್ಮದು ಸಣ್ಣ ಸಭೆ. ಸ್ವಂತ ಕಟ್ಟಡವಿಲ್ಲ. ಉಪನಗರದ ಒಂದು ಇಂಗ್ಲಿಷ್ ಸಭೆಯವರ ಚರ್ಚನ್ನು ಸಂಜೆ ನಾಲ್ಕರಿಂದ ಆರರವರೆಗೆ ಬಾಡಿಗೆಗೆ ಪಡೆದು ಆರಾಧನೆ ಮಾಡುತ್ತೇವೆ. ಹಬ್ಬದ ದಿನ ಎಂಬತ್ತು ಜನ ಸೇರಿದರೆ ಮಾಮೂಲು ಭಾನುವಾರ ಮೂವತ್ತು. ಆ ಮೂವತ್ತರಲ್ಲಿ ಸಂಗೀತ ಪುಸ್ತಕವನ್ನು ಕನ್ನಡದಲ್ಲಿ ಓದಬಲ್ಲವರು ಹದಿನೈದು ಮಂದಿ ಇದ್ದಾರು. ಉಳಿದವರು ಸಾಲುಗಳನ್ನು ರೋಮನ್ ಲಿಪಿಯಲ್ಲಿ ಬರೆದುಕೊಂಡ ಮೊಬೈಲ್ ನೋಡಿ ಹಾಡುತ್ತಾರೆ. ನನ್ನ ಮಗಳೂ ಅವರಲ್ಲೊಬ್ಬಳು.

"ಓದ್ಲಿಕ್ಕೆ ಬಾರದವರ ಕೈಗೆ ಪುಸ್ತಕ ಕೊಟ್ಟು ಏನು ಮಾಡುವುದು ಮಾರಾಯ್ರೇ? ಮಕ್ಕಳು ಬರುವುದೇ ನಿಂತ ಮೇಲೆ ಕನ್ನಡ ಇಟ್ಟುಕೊಂಡು ಕುರ್ಚಿಗಳಿಗೆ ಪ್ರಸಂಗ ಮಾಡುವುದಾ?" ಎಂದರು ಖಜಾಂಚಿ. ಅವರ ಮಾತಿನಲ್ಲಿ ಹುರುಳಿತ್ತು. ನಿಜ ಹೇಳಬೇಕೆಂದರೆ ಆವತ್ತೇ ಮತಕ್ಕೆ ಹಾಕಿದ್ದರೆ ನಾನೂ ಇಂಗ್ಲಿಷಿಗೇ ಕೈ ಎತ್ತುತ್ತಿದ್ದೆ. ನಿರ್ಧಾರವನ್ನು ಮುಂದಿನ ತಿಂಗಳಿಗೆ ದೂಡಿದರು. ಹೊರಡುವಾಗ ಕಾರ್ಯದರ್ಶಿಗಳು ನನ್ನ ಭುಜ ತಟ್ಟಿ, "ಸ್ಮರಣ ಸಂಚಿಕೆಗೆ ಎರಡು ಪುಟ ಚರಿತ್ರೆ ಬರೆದುಕೊಡಿ. ನೀವು ಹೇಗೂ ಪತ್ರಿಕೆಗೆ ಬರೆಯುವವರಲ್ವಾ" ಎಂದರು. ಮುಂಬಯಿಯ ಕನ್ನಡಿಗರಲ್ಲಿ ಸ್ಮರಣ ಸಂಚಿಕೆಗೆ ಇಲ್ಲ ಎಂದವರುಂಟೇ? ಒಪ್ಪಿಕೊಂಡೆ.

ಈ ಅಂಕಣ ಓದುವವರಲ್ಲಿ ಹೆಚ್ಚಿನವರಿಗೆ ನಮ್ಮವರ ಪರಿಚಯ ಕಡಿಮೆ. ಮಂಗಳೂರು ಕ್ರೈಸ್ತರೆಂದರೆ ಕೊಂಕಣಿ ಮಾತಾಡುವ ಕೆಥೊಲಿಕರು ಎಂದೇ ಎಲ್ಲರ ಲೆಕ್ಕ. ನಾವು ಬಾಸೆಲ್ ಮಿಷನಿನವರು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಶುರುವಾದ ಈ ಮಿಷನ್ನಿಗೆ ಬೇರುಗಳು ಎರಡು. ಒಂದು ಸ್ವಿಸ್ ರಿಫಾರ್ಮ್ಡ್ ಪಂಥದ್ದು, ಇನ್ನೊಂದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಲೂಥರನ್ನರದ್ದು. ಮಿಷನರಿಗಳಲ್ಲಿ ಬಹುಮಂದಿ ಆ ಲೂಥರನ್ ಹಳ್ಳಿಗಳವರೇ, ಕೈಕಸುಬು ಗೊತ್ತಿದ್ದವರು. ಇವತ್ತಿಗೂ ನಮ್ಮ ಸಂಗೀತಗಳ ಎಷ್ಟೋ ರಾಗಗಳು ಜರ್ಮನಿಯ ಹಳ್ಳಿ ಚರ್ಚುಗಳಲ್ಲಿ ಹಾಡುತ್ತಿದ್ದವು. ರಾಗ ಅಲ್ಲಿಯದು, ಮಾತು ಕನ್ನಡ.

ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರ್ 30ರಂದು. 1836ರಲ್ಲಿ ಹೆರ್ಮನ್ ಮೊಗ್ಲಿಂಗ್ ಬಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಇವರದೇ. ಅದು 1843ರ ಜುಲೈ 1ರಂದು ಹೊರಬಿತ್ತು, ಆ ದಿನವನ್ನೇ ನಾವು ಪತ್ರಿಕಾ ದಿನ ಎಂದು ಆಚರಿಸುತ್ತೇವೆ. ಆ ಪತ್ರಿಕೆಗೂ ನಮ್ಮ ಮುಂಬಯಿಗೂ ಒಂದು ನಂಟಿದೆ. ಮೊಗ್ಲಿಂಗರ ಜೊತೆಗಾರ ವೈಗ್ಲೆ 1841ರಲ್ಲಿ ಬೊಂಬಾಯಿಗೆ ಬಂದು ಕಲ್ಲಚ್ಚಿನ ಯಂತ್ರವೊಂದನ್ನೂ ಕೆಲಸ ಬಲ್ಲ ಇಬ್ಬರು ಮರಾಠಿ ಸಹಾಯಕರನ್ನೂ ಕರೆದುಕೊಂಡು ಹೋದರು. ಮಂಗಳೂರಿನಲ್ಲಿ ಅಚ್ಚಿನ ಕೆಲಸ ಆರಂಭವಾದದ್ದು ಹಾಗೆ. ನಮ್ಮವರು ಕೆಲಸ ಹುಡುಕಿಕೊಂಡು ಊರಿನಿಂದ ಇಲ್ಲಿಗೆ ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿಂದ ಊರಿಗೆ ಅಕ್ಷರದ ಯಂತ್ರ ಹೋಗಿತ್ತು.

ಇಷ್ಟನ್ನು ಬರೆದು ಎರಡು ಪುಟ ತುಂಬಿಸಿ ಕೊಟ್ಟಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಹಳೆಯ ಫೋಟೋ ಏನಾದರೂ ಸಿಗಬಹುದೆಂದು ಅಪ್ಪನ ತಗಡಿನ ಟ್ರಂಕು ತೆಗೆದೆ. ಅಪ್ಪ ಐವತ್ತರ ದಶಕದಲ್ಲಿ ಮಂಗಳೂರಿನಿಂದ ಹಡಗಿನಲ್ಲಿ ಬರುವಾಗ ತಂದ ಟ್ರಂಕು ಅದು. ಅವರು ತೀರಿಕೊಂಡು ಹದಿನೆಂಟು ವರ್ಷವಾದರೂ ನಾವು ಅದನ್ನು ಮಾಳಿಗೆಯಿಂದ ಇಳಿಸಿರಲಿಲ್ಲ. ಅದರಲ್ಲಿ ಅಜ್ಜಿಯ ಸಂಗೀತ ಪುಸ್ತಕ ಇತ್ತು. ರಟ್ಟು ಕಳಚಿತ್ತು, ಹಾಳೆಗಳು ಹಪ್ಪಳದಂತಾಗಿದ್ದವು. ಮೊದಲ ಪುಟದಲ್ಲಿ ಅಜ್ಜಿ ದುಂಡಗಿನ ಅಕ್ಷರದಲ್ಲಿ ತನ್ನ ಹೆಸರು ಬರೆದಿದ್ದರು. ಅದರ ಕೆಳಗೆ ಊರಿನ ಹೆಸರಿತ್ತು. ಅದರ ಮೇಲೆ ಯಾರೋ ಬೇರೆ ಶಾಯಿಯಲ್ಲಿ ನಾಲ್ಕು ಗೀಟು ಎಳೆದು ಪಕ್ಕದಲ್ಲಿ 'ಮಂಗಳೂರು' ಎಂದು ಬರೆದಿದ್ದರು. ಆ 'ಮಂಗಳೂರು' ಅಪ್ಪನ ಕೈಬರಹ. ಪುಟವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದಾಗ ಗೀಟುಗಳಡಿಯ ಹೆಸರು ಓದಲು ಬಂತು: ಆನಂದಪುರ.

ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದು ನೆನಪಿಲ್ಲ. ಊರಿನಲ್ಲಿರುವ ಅತ್ತೆಗೆ ಫೋನ್ ಮಾಡಿದೆ. ಅಪ್ಪನ ಅಕ್ಕ, ತೊಂಬತ್ತರ ಹತ್ತಿರ. ಕಿವಿ ಮಂದ, ನೆನಪು ಚುರುಕು.

"ಅತ್ತೆ, ಆನಂದಪುರ ಅಂದ್ರೆ ಎಲ್ಲಿ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದನ್ನು ಈಗ ಯಾಕೆ ಕೇಳುವುದು ಮಗಾ? ನಿನ್ನ ಅಪ್ಪನಿಗೆ ಆ ಹೆಸರು ಬೇಡ ಇತ್ತು."

ಬೇಡವಾಗಿದ್ದದ್ದು ಯಾಕೆಂದು ತಿಳಿಯಬೇಕಾದರೆ ಆ ಊರಿನ ಕಥೆ ಹೇಳಬೇಕು.

ಆನಂದಪುರ ಕೊಡಗಿನಲ್ಲಿದೆ, ಸಿದ್ದಾಪುರ–ಅಮ್ಮತ್ತಿ ಕಡೆ. ಮಂಗಳೂರಿಗೆ ಮಿಷನರಿಗಳು ಬಂದ 1834ರಲ್ಲೇ ಕೊಡಗು ಅರಸರ ಕೈಯಿಂದ ಕುಂಪಣಿ ಸರಕಾರಕ್ಕೆ ಹೋಯಿತು. ಆ ಕಾಲದ ಕೊಡಗಿನಲ್ಲಿ ಗದ್ದೆಗಳ ಕೆಲಸ ಮಾಡುತ್ತಿದ್ದವರು ಜೀತದ ಆಳುಗಳು. ಅವರಲ್ಲಿ ಹೆಚ್ಚಿನವರು ಹೊಲೆಯರೆಂದು ದೂರ ಇಡಲ್ಪಟ್ಟವರು. ಕೆಲವರು ಭೂಮಿಗೆ ಸೇರಿದವರು. ಭೂಮಿ ಯಾರಿಗೋ ಅವರೂ ಅವರಿಗೆ. ಇನ್ನು ಕೆಲವರು ಮನೆಯ ಯಜಮಾನನ ಸೊತ್ತು. ಇಂಥ ಒಡೆತನಕ್ಕೆ ಕಾನೂನಿನ ಮಾನ್ಯತೆ ಇಲ್ಲವೆಂದು ಕುಂಪಣಿ ಸರಕಾರ ಶಾಸನ ಮಾಡಿದ್ದು 'ಮಂಗಳೂರು ಸಮಾಚಾರ' ಹೊರಬಂದ ಅದೇ 1843ರಲ್ಲಿ. ಓದು ಬಾರದವನಿಗೆ ತಾನು ಬಿಡುಗಡೆಯಾದೆನೆಂದು ತಿಳಿಯುವುದಾದರೂ ಹೇಗೆ? ತಿಳಿದರೂ ಹೋಗುವುದೆಲ್ಲಿಗೆ?

ಮೊಗ್ಲಿಂಗ್ ಕೊಡಗಿಗೆ ಹೋದದ್ದು 1853ರಲ್ಲಿ. ಆಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವರು ಮಂಗಳೂರಿಗೆ ಬಂದು ಕ್ರೈಸ್ತರಾದರು. ಊರಿಗೆ ಮರಳಿದರೆ ತನ್ನವರೇ ಹೊರಗಿಡುತ್ತಾರೆಂಬ ಸ್ಥಿತಿ. ಅವರ ಜೊತೆಗೆ ಹೋದ ಮೊಗ್ಲಿಂಗ್ ಕೊಡಗಿನಲ್ಲೇ ನೆಲೆಸಿದರು. ಕೊಡವರು ಗುಂಪಾಗಿ ಕ್ರೈಸ್ತರಾದಾರೆಂಬ ನಿರೀಕ್ಷೆ ಅವರಿಗಿದ್ದೀತು. ಹಾಗಾಗಲಿಲ್ಲ. ಅವರ ಬಳಿಗೆ ಬಂದವರು ಆ ಜೀತದ ಕುಟುಂಬಗಳು. ದೇವರ ಮಾತು ಕೇಳಬೇಕೆಂದು ಎಷ್ಟು ಜನ ಬಂದರೋ ಒಡೆಯನ ಕೈಯಿಂದ ತಪ್ಪಿಸಿಕೊಳ್ಳಬೇಕೆಂದು ಎಷ್ಟು ಜನ ಬಂದರೋ ಯಾರು ಲೆಕ್ಕ ಇಟ್ಟಾರು? ನನಗಂತೂ ಎರಡೂ ಒಂದೇ ಆಗಿ ಕಾಣುತ್ತದೆ.

ಬಂದವರಿಗೆ ಇರಲು ನೆಲ ಬೇಕಿತ್ತು. 1850ರ ದಶಕದಲ್ಲಿ ಅವರಿಗೆಂದು ಕಟ್ಟಿದ ಕೃಷಿ ವಸತಿಯೇ ಆನಂದಪುರ. ಸುತ್ತ ಕಾಡು. ಯುರೋಪಿಯನ್ನರು ಕೊಡಗಿನಲ್ಲಿ ಕಾಫಿ ತೋಟ ತೆರೆಯಲು ಹೊರಟದ್ದೂ ಅದೇ ದಶಕದಲ್ಲಿ, 1854ರಿಂದ. ಆನಂದಪುರದಲ್ಲೂ ಕಾಡು ಕಡಿದರು, ಮನೆ ಕಟ್ಟಿದರು, ಕಾಫಿ ಹಾಕಿದರು. ಬಾಸೆಲ್ ಮಿಷನ್ ಕಾಲಿಟ್ಟಲ್ಲೆಲ್ಲ ನಡೆದಂತೆ ಅಲ್ಲೂ ಚರ್ಚು, ಶಾಲೆ ಜೊತೆಜೊತೆಗೇ ಬಂದವು. ಲೂಥರನ್ ಪದ್ಧತಿಯಲ್ಲಿ ದೃಢೀಕರಣಕ್ಕೆ ಮೊದಲು ಪ್ರಶ್ನೋತ್ತರ ಕಲಿಯಬೇಕು, ವೇದ ಪುಸ್ತಕವನ್ನು ತಾನೇ ಓದಬೇಕು. ಹೀಗಾಗಿ ಯಾರ ನೆರಳನ್ನೂ ಊರು ಸಹಿಸುತ್ತಿರಲಿಲ್ಲವೋ ಅವರ ಮಕ್ಕಳ ಕೈಗೆ ಕನ್ನಡದ ಅಕ್ಷರ ಬಂತು. ಹುಡುಗರಿಗೆ ಮಾತ್ರವಲ್ಲ, ಹುಡುಗಿಯರಿಗೂ.

ಇದೆಲ್ಲ ಸ್ವರ್ಗವಾಗಿತ್ತೆಂದು ನಾನು ಹೇಳುವುದಿಲ್ಲ. ಆನಂದಪುರ ಎಂಬ ಹೆಸರಿನಷ್ಟು ಸುಲಭದ ಬದುಕು ಅದಲ್ಲ. ಕೆಲಸ ಕೊಡುವವನೂ ಪಾಪಪುಣ್ಯ ಹೇಳುವವನೂ ಒಬ್ಬನೇ ಆದರೆ ಎದುರು ಮಾತಾಡುವುದು ಕಷ್ಟ. ಬಾಸೆಲ್ ಮಿಷನಿನ ಎಲ್ಲ ಊರುಗಳಲ್ಲೂ ಸಭೆಯ ಶಿಸ್ತು ಬಿಗಿ. ಮೊಗ್ಲಿಂಗರೂ ಅಲ್ಲಿ ಬಹಳ ಕಾಲ ಇರಲಿಲ್ಲ. ಹೆಂಡತಿಯ ಅನಾರೋಗ್ಯದಿಂದ 1860ರಲ್ಲಿ ಜರ್ಮನಿಗೆ ಹೋದವರು ಮತ್ತೆ ಬರಲಿಲ್ಲ, 1881ರಲ್ಲಿ ಅಲ್ಲೇ ತೀರಿಕೊಂಡರು. ಸಭೆ ಮಾತ್ರ ಉಳಿಯಿತು. ಬೆಳೆದ ಮಕ್ಕಳಲ್ಲಿ ಕೆಲವರು ಕೆಲಸ ಅರಸಿ ಬೆಟ್ಟ ಇಳಿದರು. ಮಂಗಳೂರಿನಲ್ಲಿ ಮಿಷನಿನ ನೇಯ್ಗೆ ಕಾರ್ಖಾನೆ ಇತ್ತು, 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ತೆರೆದ ಹಂಚಿನ ಕಾರ್ಖಾನೆ ಇತ್ತು. ಜಾತಿ ಬಿಟ್ಟು ಕಸುಬು ಕಳೆದುಕೊಂಡವರಿಗಾಗಿಯೇ ಅವು ಬೆಳೆದದ್ದು. ಅತ್ತೆ ಹೇಳಿದ ಪ್ರಕಾರ ನನ್ನ ಅಜ್ಜಿ ಮದುವೆಯಾಗಿ ಜೆಪ್ಪುವಿಗೆ ಬಂದರು. ಅಜ್ಜಿಯ ಅಜ್ಜ ಆನಂದಪುರಕ್ಕೆ ಬಂದು ನೆಲೆಸಿದ ಮೊದಲಿನ ಕುಟುಂಬಗಳಲ್ಲಿ ಒಂದರವರು.

"ಹಾಗಾದರೆ ಅಪ್ಪ ಯಾಕೆ ಹೆಸರು ಹೊಡೆದು ಹಾಕಿದರು?"

"ಆನಂದಪುರ ಅಂತ ಹೇಳಿದರೆ ಸಾಕು, ಮೊದಲು ನೀವು ಯಾರು ಅಂತ ಗೊತ್ತಾಗ್ತಿತ್ತಲ್ಲ ಮಗಾ. ನನಗೆ ಬಂದ ಎರಡು ಸಂಬಂಧ ಅದೇ ಮಾತಿನಲ್ಲಿ ಹೋಯಿತು. ಎರಡೂ ಚರ್ಚಿಗೆ ಹೋಗುವ ಮನೆಗಳೇ."

ಅತ್ತೆಗೆ ಆಗ ಇಪ್ಪತ್ತೆರಡು ವರ್ಷವಂತೆ. ಅಪ್ಪ ಆ ವರ್ಷವೇ ಬೊಂಬಾಯಿಗೆ ಹಡಗು ಹತ್ತಿದರು. ಇಲ್ಲಿ ಯಾರು ಕೇಳಿದರೂ "ನಾವು ಮಂಗಳೂರಿನವರು" ಎಂದರು. ಈ ಶಹರ ಅದಕ್ಕೆ ಅನುಕೂಲವೂ ಆಗಿತ್ತು. ಫೋರ್ಟಿನ ಆಫೀಸಿನಲ್ಲಿ ಟೈಪ್ ಮಾಡುವವನಿಗೆ ಸ್ಪೀಡ್ ಎಷ್ಟು ಎಂದು ಕೇಳುತ್ತಿದ್ದರೇ ಹೊರತು ಅಜ್ಜಿಯ ಊರು ಯಾವುದೆಂದಲ್ಲ. ಮುಂಬಯಿಗೆ ಬಂದವರೆಲ್ಲ ಹೊಟ್ಟೆಪಾಡಿಗೆಂದೇ ಬಂದರು ಎನ್ನುತ್ತೇವೆ. ಹೆಸರು ಬದಲಿಸಿಕೊಳ್ಳಲು, ಕೇಳಬಾರದ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಬಂದವರೂ ಕಡಿಮೆಯಿಲ್ಲ. ಅಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಪುಸ್ತಕವನ್ನು ಅವರು ಎಸೆದಿರಲಿಲ್ಲ. ಅದನ್ನೂ ಹೇಳಬೇಕು.

ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಶತ್ರು ದೇಶದವರೆಂದು ಬಂಧಿಸಿ ಊರಿಗೆ ಕಳಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಕಟ್ಟಿದವರು ಹೋದರು, ಕಟ್ಟಿಸಿಕೊಂಡವರು ಉಳಿದರು. ಮಂಗಳೂರಿನಲ್ಲಿ ಎಂಬತ್ತು ವರ್ಷ ಬಾಳಿದ ಆ ಜರ್ಮನರು ತಮ್ಮ ಜರ್ಮನ್ ಭಾಷೆಯನ್ನು ನಮ್ಮ ಸಭೆಗಳಲ್ಲಿ ಬಿಟ್ಟು ಹೋಗಲಿಲ್ಲ. ಮೊಗ್ಲಿಂಗ್ ದಾಸರ ಪದಗಳನ್ನೂ ಬಸವ ಪುರಾಣವನ್ನೂ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಲೂಥರನ್ ಪಾದ್ರಿಯ ಮಗ ಕಿಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು 'ಕಥಾಮಾಲೆ' ಎಂದು ಕನ್ನಡದ ಛಂದಸ್ಸಿಗೇ ತಂದರು, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ವಲಸೆ ಬಂದವರು ಬಂದಲ್ಲಿನ ಭಾಷೆ ಕಲಿತದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಹಳ್ಳಿ ಚರ್ಚಿನ ಕಥೆ ಅಮೆರಿಕದ ಟೆಕ್ಸಾಸಿನಲ್ಲಿದೆ. ಜರ್ಮನಿಯ ಪೂರ್ವದ ಮೂಲೆಯಲ್ಲಿ ವೆಂಡ್ ಅಥವಾ ಸೋರ್ಬ್ ಎಂಬ ಸಣ್ಣ ಜನಾಂಗವಿದೆ. ಸುತ್ತ ಜರ್ಮನ್, ಇವರ ಮಾತು ಮಾತ್ರ ಬೇರೆ, ಸ್ಲಾವಿಕ್ ಬಳಗದ್ದು. ಥೇಟ್ ನಮ್ಮ ತುಳುವಿನ ಹಾಗೆ. ತಮ್ಮ ಲೂಥರನ್ ನಂಬಿಕೆಗೂ ಭಾಷೆಗೂ ಧಕ್ಕೆ ಬಂತೆಂದು 1854ರಲ್ಲಿ, ಅಂದರೆ ಆನಂದಪುರ ಕಟ್ಟಿದ ದಶಕದಲ್ಲೇ, ಯಾನ್ ಕಿಲಿಯಾನ್ ಎಂಬ ಪಾದ್ರಿಯ ಜೊತೆ ಐನೂರಕ್ಕೂ ಹೆಚ್ಚು ಜನ 'ಬೆನ್ ನೆವಿಸ್' ಹಡಗು ಹತ್ತಿದರು. ದಾರಿಯಲ್ಲಿ ಕಾಲರಾ ಬಂದು ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಉಳಿದವರು ಟೆಕ್ಸಾಸಿನಲ್ಲಿ ಭೂಮಿ ಕೊಂಡು ಸೆರ್ಬಿನ್ ಎಂಬ ಹಳ್ಳಿ ಕಟ್ಟಿದರು. ಅಲ್ಲಿನ ಸೇಂಟ್ ಪಾಲ್ ಲೂಥರನ್ ಚರ್ಚಿನ ಈಗಿನ ಕಲ್ಲು ಕಟ್ಟಡ 1871ರದ್ದು. ಅದರ ಪ್ರಸಂಗ ಪೀಠ ಇರುವುದು ಮೇಲಂತಸ್ತಿನ ಮೊಗಸಾಲೆಯಲ್ಲಿ. ಕೆಳಗೆ ಕೂತವರು ತಲೆಯೆತ್ತಿ ನೋಡಬೇಕು. ಅಲ್ಲಿ ಮೊದಲು ವೆಂಡ್ ಭಾಷೆ, ಅದರ ಪಕ್ಕಕ್ಕೆ ಜರ್ಮನ್, ಕೊನೆಗೆ ಇಂಗ್ಲಿಷ್. ವೆಂಡ್ ಭಾಷೆಯ ಆರಾಧನೆ 1920ರ ದಶಕದ ಆರಂಭದವರೆಗೂ ಎಳೆದುಕೊಂಡು ಬಂತು. ಆಮೇಲೆ ನಿಂತಿತು. ಚರ್ಚು ನಿಲ್ಲಲಿಲ್ಲ, ಇವತ್ತಿಗೂ ನಡೆಯುತ್ತಿದೆ. ವೆಂಡ್ ಭಾಷೆಯ ಪುಸ್ತಕಗಳು ಪಕ್ಕದ ವಸ್ತುಸಂಗ್ರಹಾಲಯದಲ್ಲಿವೆ.

ಸೆರ್ಬಿನ್ ನೋಡಿದರೆ ಖಜಾಂಚಿಗಳ ಮಾತು ಸರಿ. ಭಾಷೆ ಹೋದರೂ ಸಭೆ ಉಳಿಯಬಲ್ಲದು. ಆದರೆ ಅಜ್ಜಿಯ ಪುಸ್ತಕ ಕಂಡ ಮೇಲೆ ನನ್ನ ಲೆಕ್ಕ ಬೇರೆಯಾಯಿತು. ಸೆರ್ಬಿನ್ನಿನವರಿಗೆ ಭಾಷೆ ಪಿತ್ರಾರ್ಜಿತ. ಆನಂದಪುರದವರಿಗೆ ಕನ್ನಡದ ಅಕ್ಷರ ಸ್ವಯಾರ್ಜಿತ. ಪಿತ್ರಾರ್ಜಿತವಾಗಿ ಅವರಿಗೆ ಬಂದದ್ದು ಜೀತ ಒಂದೇ. ಭೂಮಿಯ ಜೊತೆ ಕೈ ಬದಲಾಗುತ್ತಿದ್ದ ಮನುಷ್ಯನ ಮೊಮ್ಮಗಳ ಮಗಳೊಬ್ಬಳು ಪುಸ್ತಕದ ಮೇಲೆ ತನ್ನ ಹೆಸರು ಬರೆದು "ಇದು ನನ್ನದು" ಎಂದಳಲ್ಲ, ನಮ್ಮ ಮನೆತನಕ್ಕೆ ಅದೇ ಪಹಣಿ ಪತ್ರ. ಅದನ್ನು ಓದಲಾರದ ಸ್ಥಿತಿಗೆ ನನ್ನ ಮಗಳನ್ನು ತಂದವನು ನಾನೇ. ಶಾಲೆಯ ಮೇಲೋ ಶಹರದ ಮೇಲೋ ತಪ್ಪು ಹಾಕಿ ಪ್ರಯೋಜನವಿಲ್ಲ.

ಇದು ನಮ್ಮ ಸಭೆಯೊಂದರ ಕಥೆಯೂ ಅಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಎಸ್ಸೆಸ್ಸಿ ಮಾಡಿದ ನಿಮ್ಮ ಅಪ್ಪ, ಮಾವ, ಚಿಕ್ಕಪ್ಪಂದಿರನ್ನು ನೆನೆಸಿಕೊಳ್ಳಿ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಹಿಡಿದು ಇಲ್ಲಿನ ಎಷ್ಟೋ ಸಂಘಗಳ ಹಿರಿಯರು ಸಭಾಭವನಕ್ಕಿಂತ ಮೊದಲು ಯೋಚಿಸಿದ್ದು ಹುಡುಗರ ಓದಿನ ಬಗ್ಗೆ. ಅವರಿಗೂ ಕನ್ನಡವೆಂದರೆ ಸಂಸ್ಕೃತಿ ಉತ್ಸವವಾಗಿರಲಿಲ್ಲ. ಟೇಬಲ್ ಒರೆಸುವ ಬಟ್ಟೆ ಕೆಳಗಿಟ್ಟು ಕುರ್ಚಿಯಲ್ಲಿ ಕೂರುವ ದಾರಿಯಾಗಿತ್ತು. ಈಗ ನಮ್ಮ ಮಕ್ಕಳು ಕುರ್ಚಿಯಲ್ಲೇ ಹುಟ್ಟಿದ್ದಾರೆ. ದಾರಿ ಅವರಿಗೆ ಬೇಡ ಅನ್ನಿಸಿದರೆ ಆಶ್ಚರ್ಯವಿಲ್ಲ. ದಾರಿ ಹೇಗಿತ್ತೆಂದು ನಾವು ಹೇಳಿದ್ದೇವೆಯೇ?

ಎರಡನೇ ಚರ್ಚೆಯ ದಿನ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಹಿಂದಿನ ರಾತ್ರಿ ಅತ್ತೆಯನ್ನು ಕೇಳಿದ್ದೆ, ಹೇಳಲಾ ಎಂದು. "ನಿನ್ನ ಅಪ್ಪ ಇಲ್ಲ. ನನಗೆ ಇನ್ನು ಯಾವ ಸಂಬಂಧ ತಪ್ಪಲಿಕ್ಕಿದೆ? ಹೇಳು" ಎಂದು ನಕ್ಕರು. ಸಭೆಯಲ್ಲಿ ಮೊದಲ ಪುಟ ತೋರಿಸಿ, ನಮ್ಮ ಮನೆಯವರು ಆನಂದಪುರದವರು ಎಂದೆ. ಹೆಚ್ಚೇನೂ ಮಾತಾಡಲು ಆಗಲಿಲ್ಲ, ಗಂಟಲು ಕಟ್ಟಿತ್ತು. ಹಿಂದಿನ ಸಾಲಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡದ್ದು ಕಂಡಿತು. ಕಾಣಲಿ. ಮುಗಿದ ಮೇಲೆ ವಸಯಿಯ ಹಿರಿಯರೊಬ್ಬರು ಹತ್ತಿರ ಬಂದು, "ನಮ್ಮ ತಾಯಿಯ ಕಡೆಯವರೂ ಕೊಡಗಿನವರೇ" ಎಂದಷ್ಟೇ ಹೇಳಿ ಕೈ ಹಿಡಿದು ಹೋದರು.

ತೀರ್ಮಾನ ನಮ್ಮ ಎಲ್ಲ ಸಂಘಗಳಲ್ಲಿ ಆಗುವ ಹಾಗೇ ಆಯಿತು, ಅರ್ಧ ಅರ್ಧ. ಎರಡು ಭಾನುವಾರ ಕನ್ನಡ, ಎರಡು ಇಂಗ್ಲಿಷ್. ಕನ್ನಡದ ಭಾನುವಾರಗಳಲ್ಲಿ ಮೂರು ಗಂಟೆಗೆ ಅಕ್ಷರ ತರಗತಿ. ಕಲಿಸಲು ನಾನು, ಚಾ ತರಲು ಖಜಾಂಚಿ. ಮೊದಲ ದಿನ ನಾಲ್ವರು ಬಂದರು: ಇಬ್ಬರು ಹುಡುಗರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಗೃಹಸ್ಥರು ಮತ್ತು ನನ್ನ ಮಗಳು. ಅವಳು ಬಂದದ್ದು ಅರ್ಧ ಒತ್ತಾಯಕ್ಕೆ. ನಾನು ಹೇಳಿದ್ದು ಅಆಇಈ ಅಲ್ಲ, ಮೊದಲು ಅವರವರ ಹೆಸರು ಬರೆಯಿರಿ ಎಂದು. ಮುಕ್ಕಾಲು ಗಂಟೆ ಹಿಡಿಯಿತು. ಮಗಳು ತನ್ನ ಹೆಸರಿನ ಒತ್ತಕ್ಷರವನ್ನು ಐದು ಸಲ ಅಳಿಸಿ ಬರೆದಳು. ಅಜ್ಜಿಯ ಪುಸ್ತಕ ಮೇಜಿನ ಮೇಲೇ ಇತ್ತು. ಅದರ ಮೊದಲ ಪುಟವನ್ನು ಅವಳು ಇನ್ನೂ ಓದಲಾರಳು, ಒಂದೊಂದೇ ಅಕ್ಷರ ಗುರುತು ಹಿಡಿಯುತ್ತಾಳೆ. 'ನ' ಸಿಕ್ಕಿದೆ, 'ರ' ಸಿಕ್ಕಿದೆ.

ಆನಂದಪುರವನ್ನು ನಾನಿನ್ನೂ ಕಂಡಿಲ್ಲ. ಮಳೆ ಮುಗಿದ ಮೇಲೆ ಹೋಗಿಬರುವ ಯೋಚನೆ ಇದೆ. ಸ್ಮರಣ ಸಂಚಿಕೆಯ ಎರಡು ಪುಟ ಐದಾಗಿವೆ. ಕಾರ್ಯದರ್ಶಿಗಳು ಜಾಹೀರಾತಿನ ಜಾಗ ಕಡಿಮೆಯಾಯಿತೆಂದು ಗೊಣಗುತ್ತಿದ್ದಾರೆ. ನಿಮ್ಮ ಮನೆಯ ಮಾಳಿಗೆಯಲ್ಲೂ ಇಳಿಸದ ಟ್ರಂಕು ಇದ್ದೀತು. ಈ ಭಾನುವಾರ ಮೆಗಾಬ್ಲಾಕ್ ಇದ್ದರೆ ಹೊರಗೆ ಹೋಗಬೇಡಿ, ಅದನ್ನು ಇಳಿಸಿ ನೋಡಿ. ಏನು ಸಿಕ್ಕಿತೆಂದು ಪತ್ರಿಕೆಗೆ ಬರೆಯಿರಿ.